ಇಂಗ್ಲೆಂಡಿನಲ್ಲಿ ಮತ್ತೆ ಸೋಷಿಯಲ್ ವರ್ಕರ್ ಆದ ಬಗೆ

ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಬಾಲ್ಯವಿವಾಹ ತಡೆಯುವ ಕೆಲಸ ಮಾಡಿಕೊಂಡಿದ್ದ ನಾನು ಮದುವೆಯಾಗಿ ಇಂಗ್ಲೆಂಡಿಗೆ ಬಂದಾಗ, ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ) ಪದವಿಯಿದ್ದರೂ ಸೋಷಿಯಲ್ ವರ್ಕರ್ ಎಂದು ಹೇಳಿಕೊಳ್ಳುವಂತಿರಲಿಲ್ಲ. 2005ರಿಂದ ಆ ಹೆಸರಿಗೆ ಇಲ್ಲಿ ಕಾನೂನಿನ ರಕ್ಷಣೆಯಿದ್ದು, ನೋಂದಣಿಯಾದವರು ಮಾತ್ರ ಅದನ್ನು ಬಳಸಬಹುದು; 2019ರ ಡಿಸೆಂಬರಿನಿಂದ ನೋಂದಣಿಯ ಹೊಣೆ ‘ಸೋಷಿಯಲ್ ವರ್ಕ್ ಇಂಗ್ಲೆಂಡ್’ ಸಂಸ್ಥೆಯದು. ಭಾರತದಲ್ಲಿ ವಕೀಲರಿಗೂ ನರ್ಸುಗಳಿಗೂ ಇರುವಂಥ ಶಾಸನಬದ್ಧ ಪರಿಷತ್ತು ನಮ್ಮ ವೃತ್ತಿಗೆ ಇಲ್ಲವಾದ್ದರಿಂದ, ನನ್ನ ಪರವಾಗಿ ಪ್ರಮಾಣಪತ್ರ ಕೊಡುವವರೇ ಇರಲಿಲ್ಲ. ಅಂಕಪಟ್ಟಿಯಲ್ಲಿ ‘ಕ್ಷೇತ್ರಕಾರ್ಯ’ ಎಂಬ ಒಂದೇ ಸಾಲಿನಲ್ಲಿ ಮುಗಿದಿದ್ದುದನ್ನು ಪಠ್ಯಕ್ರಮ, ಕ್ಷೇತ್ರಕಾರ್ಯದ ವರದಿಗಳು ಮತ್ತು ಮೇಲ್ವಿಚಾರಕರ ಪತ್ರಗಳ ಮೂಲಕ ಬಿಡಿಸಿ ತೋರಿಸಬೇಕಾಯಿತು. ಇವನ್ನೆಲ್ಲ ವಿಮಾನ ಹತ್ತುವ ಮೊದಲೇ ವಿಭಾಗದ ಮೊಹರಿನೊಂದಿಗೆ ತಂದುಕೊಳ್ಳುವುದು ಲೇಸು. ದೂರದಿಂದ ತರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಈ ಕಾಗದಪತ್ರಗಳಿಗಾಗಿ ಕಾಯುವ ಅವಧಿಯಲ್ಲಿ, ನೋಂದಣಿ ಬೇಡದ, ಕುಟುಂಬಗಳಿಗೆ ನೆರವಾಗುವ ಫ್ಯಾಮಿಲಿ ಸಪೋರ್ಟ್ ವರ್ಕರ್ ಕೆಲಸಕ್ಕೆ ಸೇರಿದೆ. ಸಂಬಳದಲ್ಲೂ ಸ್ಥಾನದಲ್ಲೂ ಅದು ಇಳಿಕೆಯೇ. ಆದರೆ ನಾನು ನಿಜವಾಗಿ ಕಲಿಯಬೇಕಾದದ್ದು ಅಲ್ಲಿಯೇ ಕಣ್ಣಿಗೆ ಬಿತ್ತು.

ಕೊಪ್ಪಳದಲ್ಲಿ ನನ್ನ ಬಲವೆಂದರೆ ಪರಿಚಯ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಬೆನ್ನಿಗಿದ್ದರೂ, ಅಂಗನವಾಡಿ ಕಾರ್ಯಕರ್ತೆ, ಹೆಡ್‌ಮಾಸ್ತರು, ಓಣಿಯ ಹಿರಿಯರು ಇವರನ್ನು ಒಪ್ಪಿಸಿಕೊಂಡರೆ ಅರ್ಧ ಕೆಲಸ ಆದಂತೆಯೇ. ಇಲ್ಲಿ ಮಗುವಿಗೆ ಗಂಭೀರ ಹಾನಿಯಾಗುತ್ತಿದೆಯೆಂದು ಶಂಕಿಸಲು ಸಕಾರಣವಿದ್ದರೆ, 1989ರ ಮಕ್ಕಳ ಕಾಯ್ದೆಯ 47ನೇ ಕಲಮಿನಂತೆ ವಿಚಾರಿಸುವುದು ಸ್ಥಳೀಯ ಆಡಳಿತದ ಕರ್ತವ್ಯ; ಮಕ್ಕಳ ರಕ್ಷಣಾ ಸಭೆ ಸೇರಬೇಕಾದರೆ, ಈ ವಿಚಾರಣೆ ಆರಂಭಿಸಲು ತೀರ್ಮಾನಿಸಿದ ಸಮಾಲೋಚನೆಯಿಂದ 15 ಕೆಲಸದ ದಿನಗಳೊಳಗೆ ಸೇರಬೇಕು. ನಾನು ಬರೆದ ವರದಿಯನ್ನು ತಂದೆತಾಯಿ ಓದುತ್ತಾರೆ, ಪ್ರಕರಣ ಮುಂದುವರಿದರೆ ನ್ಯಾಯಾಧೀಶರೂ ಓದುತ್ತಾರೆ. ಆದ್ದರಿಂದ ಕಂಡದ್ದು, ಕೇಳಿದ್ದು ಮತ್ತು ನನ್ನ ಅಭಿಪ್ರಾಯ ಈ ಮೂರನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಇಡುವುದನ್ನು ರೂಢಿಸಿಕೊಂಡೆ: ‘ಮನೆ ಗಲೀಜಾಗಿತ್ತು’ ಎನ್ನುವ ಬದಲು ಅಡುಗೆಮನೆಯಲ್ಲಿ ಏನೇನಿತ್ತು, ಅದರಿಂದ ಈ ವಯಸ್ಸಿನ ಮಗುವಿಗೆ ಏನು ಅಪಾಯ ಎಂದು ಬರೆಯುವುದು. ಸಹೋದ್ಯೋಗಿಯೊಬ್ಬರ ಜೊತೆ ಕೂತು, ಹೆಸರು ತೆಗೆದ ಹಳೆಯ ವರದಿಗಳನ್ನು ಸಾಲುಸಾಲಾಗಿ ಓದಿದ್ದು ಯಾವ ತರಬೇತಿಗಿಂತಲೂ ಹೆಚ್ಚು ಉಪಯೋಗಕ್ಕೆ ಬಂತು.

ನೋಂದಣಿಗೆ ಅರ್ಜಿ ಬರೆಯುವಾಗಲೂ ಇದೇ ಕ್ರಮ ಅನುಸರಿಸಿದೆ. ‘ಸಮುದಾಯದ ಜೊತೆ ದುಡಿದಿದ್ದೇನೆ’ ಎಂದು ನಿಲ್ಲಿಸದೆ, ಒಂದು ಮದುವೆ ನಿಂತ ಪ್ರಕರಣವನ್ನು ಎತ್ತಿಕೊಂಡು, ನಾನು ಏನನ್ನು ಗಮನಿಸಿದೆ, ಯಾವ ಅಪಾಯವನ್ನು ಹೇಗೆ ತೂಗಿದೆ, ಹುಡುಗಿಯ ಮಾತಿಗೆ ಎಷ್ಟು ಬೆಲೆ ಕೊಟ್ಟೆ ಎಂದು ವಿವರಿಸಿದೆ. ನೋಂದಣಿ ದೊರೆತು ಈಗ ಮಕ್ಕಳ ತಂಡದಲ್ಲಿದ್ದೇನೆ. ಕೊಪ್ಪಳದ ಅಭ್ಯಾಸದಲ್ಲಿ ನಾನು ಬಿಡದಿರುವುದು ಒಂದೇ: ಮೊದಲ ಭೇಟಿಯಲ್ಲೇ ಅಜ್ಜಿ, ಸೋದರಮಾವ, ಚಿಕ್ಕಮ್ಮ ಯಾರ್ಯಾರಿದ್ದಾರೆಂದು ಕೇಳುತ್ತೇನೆ, ಮಗು ತಂದೆತಾಯಿಯ ಬಳಿ ಇರಲಾಗದಿದ್ದರೆ ಮೊದಲು ನೋಡಬೇಕಾದ ಮನೆಗಳು ಇವೇ.