ನಾಯಿಕೆಮ್ಮಿನ ಬಗ್ಗೆ ಸಣ್ಣ ಮಕ್ಕಳಿಗೆ ಹೇಳಿಕೊಡೋದು ಹೇಗೆ

ಅಂಕೋಲಾ ಬದಿಯ ಶಾಲೆಲಿ ಒಂದರಿಂದ ಮೂರನೇ ಕ್ಲಾಸಿನವರಿಗೆ ನಾನು ಇದನ್ನ ಹೇಳಿಕೊಡೋ ರೀತಿ ಬರೀತಿದ್ದೇನೆ, ನಿಮ್ಮ ಕ್ಲಾಸಿಗೆ ಹೊಂದಿಸ್ಕೊಳ್ಳಿ.

ಮೊದಲು ಹೆಸರಿನ ವಿಷಯ ಮುಗಿಸಿ. ನಾನು ಮೊದಲ ಸಲ ಪಾಠ ಮಾಡಿದ ದಿನ ಬಿಸಿಯೂಟದ ಹೊತ್ತಿಗೆ ಒಬ್ಬ ಹುಡುಗ ಅಂಗಳಕ್ಕೆ ಬಂದ ನಾಯಿಗೆ ಕಲ್ಲು ಹೊಡೆದ, ಯಾಕೋ ಅಂತ ಕೇಳಿದ್ರೆ "ಅಕ್ಕೋರೇ, ಇದ್ರಿಂದ್ಲೇ ಅಲ್ವಾ ಕೆಮ್ಮು ಬರೋದು" ಅಂದ. ಅವನದ್ದೇನೂ ತಪ್ಪಿಲ್ಲ, ಹೆಸರೇ ಹಾಗಿದೆ. ಅದಕ್ಕೆ ಈಗ ಮೊದಲ ಮಾತೇ ಇದು: ನಾಯಿಗೂ ಈ ಕಾಯಿಲೆಗೂ ಸಂಬಂಧ ಇಲ್ಲ, ಇದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾದಿಂದ ಬರ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡ್ತದೆ.

ಆಮೇಲೆ ಕೆಮ್ಮು ಹೇಗಿರ್ತದೆ ಅಂತ ನೀವೇ ಮಾಡಿ ತೋರಿಸಿ. ಒಂದೇ ಉಸಿರಲ್ಲಿ ಹತ್ತು ಹನ್ನೆರಡು ಸಲ ಬಿಡದೆ ಕೆಮ್ಮಿ, ಎದೆಲಿ ಗಾಳಿಯೇ ಉಳಿದಿಲ್ಲ ಅನ್ನುವಾಗ ಗಂಟಲು ಬಿಗಿ ಹಿಡಿದು "ಹೂಪ್" ಅಂತ ಉಸಿರು ಎಳೆದುಕೊಳ್ಳಿ. ಮಕ್ಕಳ ಹತ್ರ ಮಾಡಿಸ್ಬೇಡಿ, ಉಬ್ಬಸ ಇರೋ ಮಕ್ಕಳು ಇರ್ತಾರೆ. ಶುರುವಿನ ಒಂದೆರಡು ವಾರ ಬರೀ ನೆಗಡಿ ಥರಾನೇ ಇರ್ತದೆ, ಹರಡೋದು ಆವಾಗ್ಲೇ ಜಾಸ್ತಿ, ಅದನ್ನೂ ಹೇಳಿ.

ಹರಡೋದನ್ನ ತೋರಿಸ್ಲಿಕ್ಕೆ ನಮ್ಮ ಕಡೆ ಸುಲಭದ ಸಾಮಾನು ಇದೆ, ಮುರುಗಲು (ಕೋಕಂ) ಹಣ್ಣಿನ ನೀರು. ಅದನ್ನ ಸೋಸಿ ಸ್ಪ್ರೇ ಬಾಟ್ಲಿಗೆ ಹಾಕಿ, ಹಗ್ಗಕ್ಕೆ ಹಳೇ ಬಿಳಿ ಪಂಚೆ ನೇತುಹಾಕಿ, ಒಂದು ಮಾರು ದೂರದಿಂದ "ಇದು ಕೆಮ್ಮು" ಅಂತ ಒತ್ತಿ. ಕೆಂಪು ಚುಕ್ಕಿ ಎಷ್ಟು ಬಿತ್ತು ಅಂತ ಮಕ್ಕಳೇ ಎಣಿಸ್ಲಿ, ಲೆಕ್ಕದ ಪಾಠಾನೂ ಆಗ್ತದೆ. ಈಗ ಬಾಟ್ಲಿ ಮುಂದೆ ಕರ್ಚೀಫ್ ಹಿಡಿದು ಮತ್ತೆ ಒತ್ತಿ, ಪಂಚೆ ಮೇಲೆ ಹೆಚ್ಚುಕಮ್ಮಿ ಏನೂ ಬೀಳೋದಿಲ್ಲ. ಕರ್ಚೀಫ್ ಇಲ್ಲಾಂದ್ರೆ ಮೊಣಕೈ ಮಡಚಿ ಅದರೊಳಗೆ ಕೆಮ್ಮೋದು, ಇದನ್ನ ಎಲ್ಲರ ಹತ್ರಾನೂ ಮಾಡಿಸಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಸಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ತೊಟ್ಟಿಲ ಆಟ. ಸೀರೆಯ ಜೋಲಿ ಕಟ್ಟಿ ಗೊಂಬೆ ಮಲಗಿಸಿ. ಕೆಮ್ಮು ಇದ್ದವರ ಪಾತ್ರದ ಮಗು ಹತ್ರ ಬಂದ್ರೆ ಉಳಿದವರು "ದೂರ ನಿಲ್ಲು, ಪಾಪು ಮಲಗಿದೆ" ಅನ್ಬೇಕು. ಯಾಕಂದ್ರೆ ಈ ಕಾಯಿಲೆಲಿ ಜೀವಕ್ಕೆ ಅಪಾಯ ಹೆಚ್ಚು ಇರೋದು ಎಳೆ ಕೂಸಿಗೆ, ಅದಕ್ಕೆ ಕೆಮ್ಮೋ ಶಕ್ತಿಯೂ ಇರೋದಿಲ್ಲ, ಒಮ್ಮೊಮ್ಮೆ ಕೆಮ್ಮೇ ಇಲ್ದೆ ಉಸಿರು ನಿಂತು ಮೈ ನೀಲಿಯಾಗ್ತದೆ, ಹಾಗಾದ್ರೆ ಒಂದು ಗಳಿಗೆ ಕಾಯದೆ ಆಸ್ಪತ್ರೆಗೆ ಹೋಗ್ಬೇಕು. ಮಕ್ಕಳಿಗೆ ಮಾತ್ರ ಹೆದರಿಕೆ ಹುಟ್ಟಿಸದೆ "ಪಾಪುನ ಕಾಯೋದು ನಿಮ್ಮ ಕೆಲಸ" ಅಂತ ಹೇಳಿ ಸಾಕು, ಅವರು ಮನೇಲಿ ಕೆಮ್ಮೋ ಅಜ್ಜನ್ನೂ ಪಾಪು ಹತ್ರ ಬಿಡೋದಿಲ್ಲ.

ಲಸಿಕೆ ಪಾಠಕ್ಕೆ ತಾಯಿ ಕಾರ್ಡ್ (ಮಗುವಿನ ಲಸಿಕೆ ಬರೆದಿಡೋ ಕಾರ್ಡ್) ತರ್ಲಿಕ್ಕೆ ಹೇಳಿ. ನಾಯಿಕೆಮ್ಮೂ ಸೇರಿ ಐದು ಕಾಯಿಲೆ ತಡೆಯೋ ಪೆಂಟಾ ಲಸಿಕೆ 6, 10, 14ನೇ ವಾರಕ್ಕೆ, ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯೋ ಲಸಿಕೆ) ಬೂಸ್ಟರ್ 16ರಿಂದ 24 ತಿಂಗಳೊಳಗೆ, ಇನ್ನೊಂದು 5-6 ವರ್ಷಕ್ಕೆ. ಈ ಕೊನೇದು ಸರೀ ಒಂದನೇ ಕ್ಲಾಸಿನ ವಯಸ್ಸು, ಮರೆತು ಹೋಗೋದೂ ಇದೇ. ಯಾರದ್ದು ಬಾಕಿ ಇದೆ ಅಂತ ಎಲ್ಲರೆದುರು ಓದ್ಬೇಡಿ, ತಾಯಂದಿರಿಗೆ ಬೇರೆಯಾಗಿ ಹೇಳಿ, ಆಶಾ ಕಾರ್ಯಕರ್ತೆಗೂ ತಿಳಿಸಿ. ಸೂಜಿ ನೋವಾಗ್ತದಾ ಅಂತ ಕೇಳೇ ಕೇಳ್ತಾರೆ, ಆಗ್ತದೆ ಅಂತಲೇ ಹೇಳಿ, ಒಂದೆರಡು ದಿನ ಜ್ವರಾನೂ ಬರಬಹುದು. ಸುಳ್ಳು ಹೇಳಿದ್ರೆ ಮುಂದಿನ ಸಲ ನಂಬೋದಿಲ್ಲ.

ಪಾಲಕರ ಸಭೆಲಿ ಕಷಾಯದ ಮಾತು ಬರ್ತದೆ. ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ, ಬೇಡ ಅನ್ನೋದಿಲ್ಲ, ಆದ್ರೆ ಈ ಬ್ಯಾಕ್ಟೀರಿಯಾ ಅದರಿಂದ ಸಾಯೋದಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಜೇನು ಮಾತ್ರ ಬೇಡವೇ ಬೇಡ. ಕೆಮ್ಮಿ ಕೆಮ್ಮಿ ವಾಂತಿ ಆದ್ರೆ, ಇಲ್ಲಾ ಕೆಮ್ಮು ಎರಡು ವಾರ ದಾಟಿದ್ರೆ ಡಾಕ್ಟರಿಗೆ ತೋರಿಸ್ಬೇಕು.

ಕಾಯಿಲೆ ಬಂದ ಮಗು ಆ್ಯಂಟಿಬಯೋಟಿಕ್ ಶುರುಮಾಡಿ 5 ದಿನ ಮನೇಲಿರ್ಲಿ. ವಾಪಸ್ ಬರೋ ಹಿಂದಿನ ದಿನ ಉಳಿದ ಮಕ್ಕಳಿಗೆ ಹೇಳಿಡಿ: ಅವನಿಗೆ ಇನ್ನೂ ಕೆಲವು ವಾರ ಕೆಮ್ಮು ಬರ್ತದೆ, ಆದ್ರೆ ಈಗ ಅದು ಹರಡೋದಿಲ್ಲ, ಪಕ್ಕದಲ್ಲೇ ಕೂತ್ಕೊಳ್ಳಿ, ನಾಯಿ ಅಂತ ಯಾರೂ ಕರೀಬಾರ್ದು.