ಹೊಸ ಪೋರ್ಟಲ್, ಹಳೇ ರಿಪೋರ್ಟ್: ನಾನು ಸರಿಪಡಿಸಿದ ಬಗೆ

ನಮ್ಮಲ್ಲಿ ಸ್ಟಾಕ್, ಬಿಲ್ಲಿಂಗ್ ರಿಪೋರ್ಟ್‌ಗಳೆಲ್ಲ ಹಳೆಯ ಎಎಸ್‌ಪಿ ಡಾಟ್ ನೆಟ್ (ಮೈಕ್ರೋಸಾಫ್ಟ್‌ನ ವೆಬ್ ತಂತ್ರಜ್ಞಾನ) ಪುಟಗಳಲ್ಲಿದ್ದವು. ಹೊಸ ಪೋರ್ಟಲ್ ಬಂದಾಗ ಅವನ್ನು ಮತ್ತೆ ಬರೆಯುವಷ್ಟು ಸಮಯ ಇರಲಿಲ್ಲ. ಹಾಗಾಗಿ ಐಫ್ರೇಮ್‌ನಲ್ಲಿ, ಅಂದರೆ ಒಂದು ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟಿನಲ್ಲಿ, ಕೂರಿಸಿದೆವು. ಕಂಡಿದ್ದು ಬರೀ ಬಿಳಿ ಚೌಕ.

ಇಂಥ ಹೊತ್ತಲ್ಲಿ ನಾನು ಮೊದಲು ರಿಪೋರ್ಟ್‌ನ ವಿಳಾಸವನ್ನು ಬೇರೆ ಟ್ಯಾಬ್‌ನಲ್ಲಿ ತೆರೆಯುತ್ತೇನೆ. ಅಲ್ಲಿ ಚೆನ್ನಾಗಿಯೇ ಬಂತು. ಅಂದರೆ ಕ್ವೆರಿ, ಡೇಟಾಬೇಸ್ ಮುಟ್ಟುವ ಅಗತ್ಯವೇ ಇಲ್ಲ. ಸುಮ್ನೆ ಅವನ್ನು ಕೆದಕಿ ಎಷ್ಟೋ ಜನ ದಿನಗಟ್ಟಲೆ ಕಳೆಯುತ್ತಾರೆ.

ಎಫ್12 ಒತ್ತಿದರೆ, ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲ್‌ನಲ್ಲೇ ಕಾರಣ ಇತ್ತು. ಹಳೇ ಸರ್ವರ್ ಎಕ್ಸ್-ಫ್ರೇಮ್-ಆಪ್ಷನ್ಸ್ ಹೆಡರ್‌ನಲ್ಲಿ (ಪುಟದ ಜೊತೆ ಬ್ರೌಸರ್‌ಗೆ ಹೋಗುವ ಸೂಚನೆ) 'ಸೇಮ್‌ಒರಿಜಿನ್' ಅಂತ ಕಳಿಸುತ್ತಿತ್ತು. ಬೇರೆ ವಿಳಾಸದ ಪುಟದೊಳಗೆ ತೋರಿಸಬೇಡ ಎಂದು ಅದರ ಅರ್ಥ. ಅದನ್ನು ತೆಗೆದು, ಸಿಎಸ್‌ಪಿ ಎಂಬ ಇನ್ನೊಂದು ಹೆಡರ್‌ನ ಫ್ರೇಮ್-ಆನ್ಸೆಸ್ಟರ್ಸ್‌ನಲ್ಲಿ (ಯಾರ ಪುಟದೊಳಗೆ ತೋರಿಸಬಹುದು ಎಂಬ ಪಟ್ಟಿ) ನಮ್ಮ ಪೋರ್ಟಲ್‌ನ ವಿಳಾಸವೊಂದನ್ನೇ ಬರೆದೆ. ಎಲ್ಲರಿಗೂ ಬಾಗಿಲು ತೆರೆಯುವ ನಕ್ಷತ್ರದ ಗುರುತು (*) ಮಾತ್ರ ಬೇಡ.

ಈಗ ಲಾಗಿನ್ ಪುಟ ಬಂತು. ಪಾಸ್‌ವರ್ಡ್ ಕೊಟ್ಟರೆ ಮತ್ತೆ ಲಾಗಿನ್ ಪುಟವೇ! ನೆಟ್‌ವರ್ಕ್ ಟ್ಯಾಬ್‌ನಲ್ಲಿ ಸೆಷನ್ ಕುಕಿಯ (ಲಾಗಿನ್ ಆದದ್ದನ್ನು ನೆನಪಿಡಲು ಬ್ರೌಸರ್‌ನಲ್ಲಿ ಇಡುವ ಚೀಟಿ) ಪಕ್ಕ ಹಳದಿ ಎಚ್ಚರಿಕೆ ಇತ್ತು. 2020ರಲ್ಲಿ ಬಂದ ಕ್ರೋಮ್ 80ರಿಂದ, ಬೇರೆ ಸೈಟಿನೊಳಗೆ ಕುಕಿ ಹೋಗಬಹುದೇ ಎಂದು ಹೇಳುವ ಸೇಮ್‌ಸೈಟ್ ಗುರುತು ಇಲ್ಲದ ಕುಕಿಯನ್ನು ಬ್ರೌಸರ್ 'ಲ್ಯಾಕ್ಸ್' ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬೇರೆ ಸೈಟಿನ ಐಫ್ರೇಮ್‌ನಲ್ಲಿ ಅದು ಉಳಿಯುವುದಿಲ್ಲ. ಹಳೇ ಪುಟಗಳಿಗೆ ಈ ನಿಯಮವೇ ಗೊತ್ತಿಲ್ಲ ಅಲ್ವಾ?

ಬೇರೆ ಸೈಟಿನಲ್ಲೂ ಕುಕಿ ಹೋಗಲಿ ಎನ್ನುವ 'ಸೇಮ್‌ಸೈಟ್=ನನ್ (None), ಸೆಕ್ಯೂರ್' ಅಂತ ಸೇರಿಸಿಬಿಡಿ ಎಂದು ಜಾಸ್ತಿ ಜನ ಹೇಳುತ್ತಾರೆ. ನಾನು ಅದನ್ನು ಒಪ್ಪಲಿಲ್ಲ. ಸಫಾರಿ ಅದೇ ವರ್ಷದಿಂದ ಇಂಥ ಹೊರಗಿನ ಕುಕಿಗಳನ್ನು ಪೂರ್ತಿ ತಡೆಯುತ್ತದೆ, ನಮ್ಮ ಮಾರಾಟದವರ ಕೈಲಿ ಇರುವುದು ಐಪ್ಯಾಡ್. ಅದಕ್ಕೇ ರಿಪೋರ್ಟ್ ಸರ್ವರ್‌ಗೆ ಪೋರ್ಟಲ್‌ನ ಡೊಮೇನ್ ಅಡಿಯಲ್ಲೇ ಒಂದು ಸಬ್‌ಡೊಮೇನ್ (ಉಪವಿಳಾಸ) ಕೊಡಿಸಿದೆ. ಡೊಮೇನ್ ಒಂದೇ ಆದರೆ ಬ್ರೌಸರ್‌ಗೆ ಎರಡೂ ಒಂದೇ ಸೈಟ್. ಕುಕಿ ತಾನಾಗಿ ಹೋಗುತ್ತದೆ. ಆದರೆ ಎರಡೂ ಎಚ್‌ಟಿಟಿಪಿಎಸ್ ಇರಲೇಬೇಕು. ಸೇಮ್‌ಒರಿಜಿನ್ ಲೆಕ್ಕ ಮಾತ್ರ ಬೇರೆ, ಅಲ್ಲಿ ಸಬ್‌ಡೊಮೇನ್ ಕೂಡ ಹೊರಗಿನದೇ. ಹಾಗಾಗಿ ಮೇಲಿನ ಹೆಡರ್ ಕೆಲಸ ವ್ಯರ್ಥವಾಗಲಿಲ್ಲ.

ಎಕ್ಸೆಲ್ ಬಟನ್ ಒತ್ತಿದರೆ ಏನೂ ಆಗದಿದ್ದರೆ ಐಫ್ರೇಮ್‌ನ ಸ್ಯಾಂಡ್‌ಬಾಕ್ಸ್ (ಒಳಗಿನ ಪುಟ ಏನೇನು ಮಾಡಬಹುದು ಎಂಬ ಮಿತಿ) ನೋಡಿ. 'ಅಲೋ-ಡೌನ್‌ಲೋಡ್ಸ್' ಸೇರಿಸಿದರೆ ಸಾಕು.

ಐಫ್ರೇಮ್‌ಗೆ ಸಂಬಂಧವೇ ಇಲ್ಲದ್ದು ಇನ್ನೊಂದು ಉಳಿದಿತ್ತು. ಡೀಲರ್‌ಗಳ ಹೆಸರು, ಊರು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಬರುತ್ತಿದ್ದವು. ಡೇಟಾಬೇಸ್‌ನಲ್ಲಿ ಅವು ಇದ್ದದ್ದು ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ಕೊಡುವ ಫಾಂಟ್‌ನಲ್ಲಿ. ಹಳೇ ಕಂಪ್ಯೂಟರ್‌ಗಳಲ್ಲಿ ಆ ಫಾಂಟ್ ಇತ್ತು, ಐಪ್ಯಾಡ್‌ನಲ್ಲಿ ಇಲ್ಲ. ಫಾಂಟ್ ತುರುಕುವ ಬದಲು ಡೇಟಾವನ್ನೇ ಯೂನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಗಳಿಗೆ ಬೇರೆ ಬೇರೆ ಸಂಕೇತ ಇರುವ ಪದ್ಧತಿ) ಬದಲಿಸಿದೆವು. ಅರ್ಕಾವತ್ತು ಆಸ್ಕಿಯಲ್ಲಿ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ಪ್ರೋಗ್ರಾಂ ಎಡವುವುದು ಅಲ್ಲೇ. ಹಾಗಾಗಿ ಅರ್ಕಾವತ್ತು ಇರುವ ಹೆಸರುಗಳನ್ನಷ್ಟೇ ಬೇರೆ ಮಾಡಿ, ಆ ಡೀಲರ್‌ಗಳನ್ನು ಬಲ್ಲ ನಮ್ಮ ಬಿಲ್ಲಿಂಗ್‌ನವರ ಕೈಲಿ ಒಂದೊಂದಾಗಿ ಓದಿಸಿದೆ.