ಮೂಕಿ ಸಿನಿಮಾಗೆ ಕನ್ನಡದ ಕಾರ್ಡು: ನನ್ನ ಅನುಭವ

"ಮೂಕಿ ಸಿನಿಮಾನಾ? ಹತ್ತು ನಿಮಿಷಕ್ಕೆ ಹಾಲ್ ಖಾಲಿ" ಅಂದವರೇ ಹೋದ ತಿಂಗಳು ಕೊನೇ ಸಾಲಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನಾವು ತೋರಿಸಿದ್ದು ಹಿಚ್‌ಕಾಕ್‌ನ 1927ರ ಮೂಕಿ 'ದಿ ಲಾಡ್ಜರ್'. ಲಂಡನ್ನಿನ ಮಂಜು, ಮಂಗಳವಾರ ಬಂತೆಂದರೆ ಹೊಂಗೂದಲಿನ ಹುಡುಗಿಯ ಕೊಲೆ, ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಬಾಡಿಗೆ ರೂಮು ಕೇಳುವ ನಾಯಕ ನಟ ಐವರ್ ನೊವೆಲ್ಲೊ. ಅವನೇ ಕೊಲೆಗಾರನಾ ಅನ್ನೋದೇ ಕಥೆ.

ಮೂಕಿಯಲ್ಲಿ ಮಾತು ಕೇಳಿಸೋದಿಲ್ಲ, ಬದಲಿಗೆ ನಡುನಡುವೆ ಪರದೆ ತುಂಬ ಬರಹದ ಕಾರ್ಡು ಬರುತ್ತದೆ. ಮೊದಲು ಎಲ್ಲರ ಹಾಗೆ ಅದರ ಕೆಳಗಡೆ ಸಬ್‌ಟೈಟಲ್ ಹಾಕಿದ್ದೆವು. ದಂಡ. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ, ಎರಡನ್ನೂ ಓದುವಷ್ಟರಲ್ಲಿ ಕಾರ್ಡು ಮಾಯ. ಆಮೇಲೆ ಇಂಗ್ಲಿಷ್ ಕಾರ್ಡನ್ನೇ ಕಿತ್ತು ಕನ್ನಡದ್ದು ಕೂರಿಸಿದೆ. ಐವರ್ ಮಾಂಟೆಗು ಎಡಿಟಿಂಗ್‌ನಲ್ಲಿ ನೂರಾರು ಕಾರ್ಡುಗಳನ್ನು ಸುಮಾರು 80ಕ್ಕೆ ಇಳಿಸಿದ್ದು ನಮ್ಮ ಪುಣ್ಯ. ಆದರೆ ಆ ಕಾರ್ಡುಗಳಿಗೆ ಕಲಾವಿದ ಮೆಕ್‌ನೈಟ್ ಕಾಫರ್ ಬರೆದ ತ್ರಿಕೋನದ ಡಿಸೈನ್ ಇದೆಯಲ್ಲ, ನಮ್ಮ ಒತ್ತಕ್ಷರ ಸೀದಾ ಹೋಗಿ ಅದಕ್ಕೇ ಬಡಿಯುತ್ತಿತ್ತು. ಕಂಪ್ಯೂಟರ್ ಫಾಂಟು ಒಂದೂ ಒಗ್ಗಲಿಲ್ಲ. ಕೊನೆಗೆ ಅಂಗಡಿ ಬೋರ್ಡು ಬರೆಯುವ ಗೆಳೆಯನ ಕೈಯಲ್ಲಿ ಬರೆಸಿ ಸ್ಕ್ಯಾನ್ ಮಾಡಿದೆ. ಒಂದಕ್ಕೆ ನೂರು ರೂಪಾಯಿ ಲೆಕ್ಕ, ಎಂಟು ಸಾವಿರದ ಆಸುಪಾಸು. ಓದೋಕೆ ಟೈಮು ಸಾಲಲಿ ಅಂತ ಕಾರ್ಡುಗಳನ್ನು ಒಂದೆರಡು ಸೆಕೆಂಡು ಎಳೆದೆ. ಯಾವುದನ್ನು ಎಳೆಯಬಾರದು ಅನ್ನೋದು ಮಾತ್ರ ನನ್ನ ಹತ್ರಾನೇ ಇರಲಿ.

ಸಿಕ್ಕಿದ್ದು ಹಳೇ ಕಾಪಿ, ಸೆಕೆಂಡಿಗೆ 24 ಫ್ರೇಮಿನಲ್ಲಿ ಓಡುತ್ತಿತ್ತು, ಅಂದರೆ ಎಲ್ಲರೂ ಬೇಕಾದ್ದಕ್ಕಿಂತ ಬಿರಬಿರನೆ. ನೊವೆಲ್ಲೊ ರೂಮಿನಲ್ಲಿ ಅತ್ತಿತ್ತ ಓಡಾಡುವಾಗ ಕೆಳಗಿನ ಮನೆಯವರು ತಲೆ ಎತ್ತಿ ನೋಡುತ್ತಾರೆ, ತೂಗುದೀಪ ಅಲುಗುತ್ತದೆ, ಚಾವಣಿ ಕರಗಿದ ಹಾಗೆ ಅವನ ಅಂಗಾಲು ಕಾಣುತ್ತದೆ. ದಪ್ಪ ಗಾಜಿನ ಮೇಲೆ ನಡೆಸಿ ಕೆಳಗಿಂದ ತೆಗೆದ ಶಾಟ್ ಅದು. ನಮ್ಮ ಮೊದಲ ಶೋದಲ್ಲಿ ಅಲ್ಲೇ ಜನ ನಕ್ಕುಬಿಟ್ಟರು! 20ರ ಹತ್ತಿರಕ್ಕೆ ಇಳಿಸಿದ ಮೇಲೆ ನಗು ನಿಂತಿತು. ಹಾಲ್‌ನಲ್ಲೇ ಸಿನಿಮಾ ಜೊತೆ ನುಡಿಸುವ ಮೃದಂಗದವರು ಒಂದೊಂದು ಹೆಜ್ಜೆಗೂ ಒಂದೊಂದು ಪೆಟ್ಟು ಹಾಕಿ ನೋಡಿದರು, ಅದೂ ಕೆಟ್ಟಿತು. ಈಗ ಆ ದೃಶ್ಯಕ್ಕೆ ವಾದ್ಯವೇ ಇಲ್ಲ, ಹಾರ್ಮೋನಿಯಂನ ಒಂದೇ ಸ್ವರ ಮುಂಚೆಯೇ ಶುರುವಾಗಿ ಅಲ್ಲಿಗೆ ಬಂದು ನಿಲ್ಲುತ್ತದೆ. ಎಷ್ಟು ಮುಂಚೆ ಅಂತ ಕೇಳಬೇಡಿ.

ನಡುವೆ ಬಣ್ಣದ ಹುಚ್ಚೂ ಹಿಡಿದಿತ್ತು. ಮೂಲ ಪ್ರಿಂಟಿಗೆ ಬಣ್ಣ ಹಚ್ಚಿದ್ದರು, ರಾತ್ರಿಯ ಬೀದಿಗೆ ನೀಲಿ, ಮನೆಯೊಳಗೆ ಅಂಬರ್ ಅನ್ನೋ ಜೇನು ಹಳದಿ. ನಮ್ಮ ಕಪ್ಪು-ಬಿಳುಪು ಕಾಪಿಗೂ ಹಾಗೇ ಹಾಕಿದೆ. ಮನೆ ಮಾನಿಟರಿನಲ್ಲಿ ಸೂಪರ್. ಬಾಡಿಗೆ ಪ್ರೊಜೆಕ್ಟರಿನ ಸೊರಗಿದ ಲ್ಯಾಂಪಿಗೆ ನೀಲಿ ಅಂದರೆ ಬರೀ ಕತ್ತಲೆ, ಮಂಜೂ ಇಲ್ಲ ಮನುಷ್ಯನೂ ಇಲ್ಲ. ನೀಲಿಯನ್ನು ಅರ್ಧಕ್ಕಿಂತ ಕಮ್ಮಿ ಮಾಡಿದೆ. ಅಂಬರ್ ಹಾಗೇ ಬಿಟ್ಟೆ.

ದುಡ್ಡಿನ ಕಥೆ: ಹಾಲ್‌ಗೆ ಆರು ಸಾವಿರ, ಪ್ರೊಜೆಕ್ಟರಿಗೆ ಮೂರೂವರೆ, ವಾದ್ಯದ ಇಬ್ಬರಿಗೆ ಸೇರಿ ಐದು. ಮೊದಲ ಶೋಗೆ ಬಂದಿದ್ದು ನಾಲ್ಕು ಸಾವಿರವೂ ಇಲ್ಲ, ಮನೆಯಲ್ಲಿ ಮಂಗಳಾರತಿ. ಈ ಸಲ ಆವತ್ತಿನ ಖರ್ಚು ಕಳೆದು ಏಳೆಂಟು ನೂರು ಉಳಿಯಿತು, ಕಾರ್ಡಿನ ದುಡ್ಡು ಇನ್ನೂ ಹುಟ್ಟಿಲ್ಲ. ನಮ್ಮಲ್ಲಿ ಸಿನಿಮಾದ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ, ಹಾಗಾಗಿ ಆ ಖರ್ಚಿಲ್ಲ. ಆದರೆ ಹೊಸ ರಿಸ್ಟೋರೇಷನ್ (ಹಳೇ ಪ್ರಿಂಟನ್ನು ಸರಿಮಾಡಿದ ಕಾಪಿ), ಹೊಸ ಸಂಗೀತ ಸುಮ್ನೆ ಎತ್ತಿಕೊಳ್ಳಬೇಡಿ, ಅದರ ಲೆಕ್ಕವೇ ಬೇರೆ.

ಮುಂದಿನದು ಪಾಲ್ ಲೆನಿಯ 'ದಿ ಕ್ಯಾಟ್ ಅಂಡ್ ದಿ ಕ್ಯಾನರಿ', ಅದೂ 1927ರದ್ದೇ. ಅದರಲ್ಲಿ ಕಾರ್ಡಿನ ಅಕ್ಷರಗಳೇ ಹೆದರಿ ನಡುಗುತ್ತವೆ. ಕನ್ನಡ ಅಕ್ಷರ ನಡುಗಿಸೋಕೆ ಬರುವವರು ಯಾರಾದರೂ ಇದ್ದರೆ ಹೇಳಿ, ಕಾರ್ಡಿಗೆ ನೂರೈವತ್ತು ಕೊಡುತ್ತೇನೆ.